ಹೊಳ್ಳಿಸಿ ನೋಡಬೇಕಾದ ಅಂಗಿ

ಮಗುವಿನ ಅಂಗಿ ಕೊಳ್ಳುವಾಗ ಎಲ್ಲರ ಕಣ್ಣೂ ಹೊರಮೈ ಮೇಲೆಯೇ. ಎದೆಯ ಮೇಲೆ ಬಾತುಕೋಳಿ ಇದೆಯೋ ಆನೆಮರಿ ಇದೆಯೋ, ಕೊರಳಿಗೆ ಲೇಸು ಬಂದಿದೆಯೋ, ಬಣ್ಣ ಒಪ್ಪುತ್ತದೋ ಇಲ್ಲವೋ ಎಂದು ತಿರುತಿರುಗಿಸಿ ನೋಡುತ್ತೇವೆ. ಒಳಗೆ ಕೈ ಹಾಕಿ ಸವರಿ ನೋಡುವವರು ಕಡಿಮೆ. ತೊಡುವ ಕೂಸಿಗಾದರೋ ಆ ಬಾತುಕೋಳಿ ಕಾಣುವುದೇ ಇಲ್ಲ. ಅದಕ್ಕೆ ತಾಗುವುದು ಬಾತುಕೋಳಿಯ ಹಿಂದಿರುವ ಗಂಟು, ದಾರದ ತುದಿ, ಮಷೀನಿನ ಹೊಲಿಗೆ ಸುಕ್ಕಾಗದಿರಲಿ ಎಂದು ಇಟ್ಟ ಕಾಗದದಂಥ ಒರಟು ಪದರ. ಹಾಗಾಗಿ ಮಕ್ಕಳ ಬಟ್ಟೆಯ ಕುಸುರಿಯನ್ನು ನಾನು ಅಳೆಯುವುದು ಒಳಮೈಯಿಂದಲೇ. ಒಳಮೈ ಕೆಟ್ಟಿದ್ದರೆ, ಹೊರಗೆ ಎಷ್ಟೇ ಅಂದವಿರಲಿ, ಅದು ದೊಡ್ಡವರ ಬಟ್ಟೆಗೆ ಸರಿ, ಕೂಸಿಗಲ್ಲ.

ಈ ಅಳತೆಗೆ ಪೂರ್ತಿ ನಿಲ್ಲುವ ಹೊಲಿಗೆಯನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಧಾರವಾಡ ಸೀಮೆಯ ಕಸೂತಿಯಲ್ಲಿ ಗವಂತಿ ಇದೆ. ಹೊರಗೆ ಹೇಗೋ ಒಳಗೂ ಹಾಗೇ, ಯಾವುದು ಯಾವ ಮೈ ಎಂದು ಹಾಕಿದವರೇ ಹುಡುಕಬೇಕು. ನನಗೆ ಕಸೂತಿ ಹೇಳಿಕೊಟ್ಟ ಧಾರವಾಡದ ಅಜ್ಜಿ ಹುಡುಗಿಯರು ತಂದ ಕೆಲಸದ ಮುಂಭಾಗವನ್ನು ನೋಡುತ್ತಲೇ ಇರಲಿಲ್ಲ. "ಹೊಳ್ಳಿಸಿ ತೋರ್ಸವಾ ತಂಗಿ" ಎನ್ನುತ್ತಿದ್ದರು. ಹೊಳ್ಳಿಸಿದಾಗ ಒಂದು ಗಂಟು ಕಂಡರೂ ಬಿಚ್ಚಿ ಮತ್ತೆ ಹಾಕಬೇಕು. ಸೀರೆಯ ಸೆರಗಿಗೆ ಅವರು ಇಟ್ಟುಕೊಂಡಿದ್ದ ಈ ನಿಯಮ ಕೂಸಿನ ಅಂಗಿಗೆ, ಜಬಲಾಕ್ಕೆ, ಇನ್ನೂ ಹೆಚ್ಚು ಸಲ್ಲುತ್ತದೆ.

ಕಸೂತಿಯಲ್ಲಿ ನಾಲ್ಕು ಹೊಲಿಗೆ: ಗವಂತಿ, ಮುರ್ಗಿ, ನೇಗಿ, ಮೆಂತಿ. ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳುವಂತಿಲ್ಲ, ಎಳೆ ಎಣಿಸಿಯೇ ಹಾಕಬೇಕು. ಗವಂತಿಯಲ್ಲಿ ಸೂಜಿ ಎರಡು ಬಾರಿ ಓಡುತ್ತದೆ. ಹೋಗುವಾಗ ನಾಲ್ಕೆಳೆ ಮೇಲೆ, ನಾಲ್ಕೆಳೆ ಕೆಳಗೆ ಎಂದು ಬಿಟ್ಟು ಬಿಟ್ಟು ಹೋಗುವುದು. ಬರುವಾಗ ಬಿಟ್ಟಲ್ಲೆಲ್ಲ ತುಂಬಿಕೊಂಡು ಬರುವುದು. ದಾರಿಯಲ್ಲಿ ಕವಲು ಸಿಕ್ಕರೆ ಅದರ ತುದಿಯವರೆಗೆ ಹೋಗಿ, ತುಂಬಿಸಿಕೊಂಡು ಬುಡಕ್ಕೆ ಮರಳಿ, ಆಮೇಲೆ ಮುಂದೆ ಸಾಗಬೇಕು. ಅದೇ ಓಟವನ್ನು ಮೆಟ್ಟಿಲು ಮೆಟ್ಟಿಲಾಗಿ ಹಾಕಿದರೆ ಮುರ್ಗಿ. ಇವೆರಡರಲ್ಲೂ ದಾರ ಹೊರಗೆ ಹಾಯ್ದಷ್ಟೇ ಒಳಗೂ ಹಾಯುತ್ತದೆ.

ಯುರೋಪಿನಲ್ಲೂ ಇದೇ ಹೊಲಿಗೆ ಇತ್ತು. ಅಲ್ಲಿ ಅದಕ್ಕೆ ಹಾನ್ಸ್ ಹೊಲ್ಬೈನ್ ಎಂಬ ಚಿತ್ರಕಾರನ ಹೆಸರೇ ನಿಂತಿದೆ. ಅವನು 1536ರ ಸುಮಾರಿಗೆ ಬರೆದ ಇಂಗ್ಲೆಂಡಿನ ರಾಣಿ ಜೇನ್ ಸೀಮೋರಳ ಚಿತ್ರ ವಿಯೆನ್ನಾದ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿ ಅವಳ ಬಿಳಿ ತೋಳಂಚಿನ ಮೇಲೆ ಕಪ್ಪು ದಾರದ ಕುಸುರಿ ಹೊಲಿಗೆ ಹೊಲಿಗೆಯಾಗಿ ಕಾಣುತ್ತದೆ. ನೆರಿಗೆಯಾಗಿ ಮಗುಚುವ ತೋಳಂಚಿನ ಎರಡೂ ಮೈ ಕಾಣುವುದರಿಂದ ಎರಡೂ ಕಡೆ ಒಂದೇ ಆಗುವ ಹೊಲಿಗೆ ಅಲ್ಲಿ ಹೊಂದುತ್ತಿತ್ತು. ರಾಣಿಗೆ ಅದು ಕಣ್ಣಿನ ಮಾತು. ನಮ್ಮ ಕೂಸಿಗೆ ಚರ್ಮದ ಮಾತು.

ಸೀರೆಯ ಎಳೆ ಎಣಿಸಬಹುದು, ಮಲ್‌ಮಲ್ ಜಬಲಾದ ಎಳೆ ಎಣಿಸುವುದು ಹೇಗೆ? ಅದಕ್ಕೆ ಎಳೆ ಎಣಿಸಲು ಬರುವಂತೆ ಕಣ್ಣುಕಣ್ಣಾಗಿ ನೇಯ್ದ ಮ್ಯಾಟಿ ಬಟ್ಟೆ ಬೇಕು, ಅಂಗೈಯಗಲದ ತುಂಡು ಸಾಕು. ಮೊದಲು ಜಬಲಾವನ್ನು ಒಗೆದು ಒಣಗಿಸಿ. ಇದನ್ನು ತಪ್ಪಿಸಬೇಡಿ: ಹತ್ತಿ ಬಟ್ಟೆ ಮೊದಲ ಒಗೆತಕ್ಕೇ ಕುಗ್ಗುತ್ತದೆ, ಆಗ ಹಾಕಿದ ಹೂವೆಲ್ಲ ಮುದುಡುತ್ತದೆ. ಆಮೇಲೆ ಮ್ಯಾಟಿಯ ತುಂಡನ್ನು ಬೇಕಾದ ಜಾಗದ ಮೇಲೆ ಕಚ್ಚಾ ಹೊಲಿಗೆಯಿಂದ ಕೂರಿಸಿ, ಎರಡನ್ನೂ ಸೇರಿಸಿ ಗವಂತಿ ಹಾಕಿ. ಸೂಜಿ ಮ್ಯಾಟಿಯ ಕಣ್ಣುಗಳೊಳಗೇ ಇಳಿಯಬೇಕು. ಎಳೆಯನ್ನು ಚುಚ್ಚಿಕೊಂಡು ಹೋದರೆ ಕೊನೆಗೆ ಆ ಎಳೆ ಬರುವುದಿಲ್ಲ, ಎಳೆದರೆ ಹೂವೇ ಕಿತ್ತುಬರುತ್ತದೆ. ಎಂದಿಗಿಂತ ತುಸು ಬಿಗಿಯಾಗಿಯೇ ಹಾಕಿ, ಏಕೆಂದರೆ ಮ್ಯಾಟಿ ಹೋದ ಮೇಲೆ ಅದರ ದಪ್ಪದಷ್ಟು ಹೊಲಿಗೆ ಸಡಿಲಾಗುತ್ತದೆ. ಮುಗಿದ ಮೇಲೆ ಕಚ್ಚಾ ಹೊಲಿಗೆ ಬಿಚ್ಚಿ, ಮ್ಯಾಟಿಯ ಒಂದೊಂದೇ ಎಳೆಯನ್ನು ಪಕ್ಕಕ್ಕೆ ಎಳೆಯುತ್ತ ಬನ್ನಿ. ಅಡ್ಡ ಎಳೆಗಳೆಲ್ಲ ಹೋದ ಮೇಲೆ ಉದ್ದ ಎಳೆಗಳು ತಾವಾಗಿಯೇ ಜಾರುತ್ತವೆ. ಆಗ ಬರಿಯ ಮಲ್‌ಮಲ್ ಮೇಲೆ ತೇರೊಂದು ನಿಂತಿರುತ್ತದೆ. ಈ ಗಳಿಗೆಯ ಸಂತೋಷ ಮಷೀನಿನ ಕೆಲಸದಲ್ಲಿ ನನಗೆ ಎಂದೂ ಸಿಕ್ಕಿಲ್ಲ.

ಕಸೂತಿ ದಾರದ ಲಡಿಯಲ್ಲಿ ಆರು ಎಳೆ ಕೂಡಿರುತ್ತವೆ, ಉದ್ದ ಸಾಮಾನ್ಯವಾಗಿ 8 ಮೀಟರ್. ಮಲ್‌ಮಲ್‌ಗೆ ಒಂದೇ ಎಳೆ ಸಾಕು, ಪಾಪ್ಲಿನ್‌ಗೆ ಎರಡು. ಗಂಟು ಹಾಕಬೇಡಿ. ಶುರುವಿನಲ್ಲಿ ನಾಲ್ಕು ಬೆರಳಿನಷ್ಟು ದಾರ ಬಿಟ್ಟು ಹೊರಡಿ, ಕಡೆಗೆ ಎರಡೂ ತುದಿಗಳನ್ನು ನಾಲ್ಕೈದು ಹೊಲಿಗೆಗಳ ಅಡಿಯಲ್ಲಿ ನುಸುಳಿಸಿ ಕತ್ತರಿಸಿ. ಕೆಂಪು, ಕಡುನೀಲಿ, ಕಪ್ಪು ದಾರಗಳನ್ನು ಮೊದಲೇ ಪರೀಕ್ಷಿಸಬೇಕು: ತುಂಡೊಂದನ್ನು ಬಿಸಿನೀರಿನಲ್ಲಿ ನೆನೆಸಿ, ಬಿಳಿ ಬಟ್ಟೆಯ ನಡುವೆ ಇಟ್ಟು ಒತ್ತಿ. ಬಣ್ಣ ಹತ್ತಿದರೆ ಆ ದಾರ ಬೇಡ. ಮಗುವಿನ ಬಟ್ಟೆ ದಿನಕ್ಕೆ ಎಷ್ಟು ಸಲ ಒಗೆತಕ್ಕೆ ಬೀಳುತ್ತದೆ ಎಂಬುದು ತಾಯಂದಿರಿಗೆ ಗೊತ್ತು. ತೆಳು ಬಟ್ಟೆಯಲ್ಲಿ ಇನ್ನೊಂದು ತೊಂದರೆ, ಹಿಂದೆ ಅಡ್ಡಾದಿಡ್ಡಿ ಓಡಿದ ದಾರ ನೆರಳಿನಂತೆ ಹೊರಗೆ ಕಾಣುವುದು. ಗವಂತಿಯಲ್ಲಿ ಹಾಗೆ ಓಡುವ ದಾರವೇ ಇಲ್ಲ.

ಒಳಮೈ ಹೊರಮೈಯಂತಿರದ ನೇಗಿ, ಮೆಂತಿಗಳನ್ನು ನಾನು ಕೂಸಿನ ಬಟ್ಟೆಯಿಂದ ದೂರ ಇಡುತ್ತೇನೆ. ನೇಗಿ ನೋಡಲು ನೇಯ್ದಂತೆಯೇ ಕಾಣುವ ಸೊಗಸಿನ ಹೊಲಿಗೆ, ಆದರೆ ಒಳಗೆ ಉದ್ದುದ್ದ ದಾರ ಸಡಿಲವಾಗಿ ನಿಲ್ಲುತ್ತದೆ. ಅಂಥ ದಾರಕ್ಕೆ ಕೂಸಿನ ಬೆರಳು ಸಿಕ್ಕಿಕೊಳ್ಳುತ್ತದೆ. ದಾರವೋ ತಾಯಿಯ ತಲೆಗೂದಲೋ ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡರೆ ರಕ್ತ ಓಡುವುದು ನಿಂತು ಬೆರಳು ಊದಿಕೊಳ್ಳುತ್ತದೆ, ಬಿಟ್ಟರೆ ಬೆರಳಿಗೇ ಕುತ್ತು. ಕಾರಣ ತಿಳಿಯದೆ ಅಳುವ ಕೂಸಿನ ಕಾಲ್ಬೆರಳುಗಳನ್ನು ಬಿಡಿಸಿ ನೋಡಿ ಎಂದು ಮಕ್ಕಳ ವೈದ್ಯರು ಹೇಳುವುದು ಇದಕ್ಕೇ. ಕೈಗವಸು, ಕಾಲುಚೀಲಗಳ ಒಳಮೈಯಲ್ಲಂತೂ ಒಂದು ತುದಿ ದಾರವೂ ಇರಕೂಡದು.

ಎಲ್ಲಿ ಹಾಕಬೇಕು ಎಂಬುದೂ ಮುಖ್ಯ. ಕೂಸು ಹೊತ್ತೆಲ್ಲ ಮಲಗಿರುವುದರಿಂದ ಬೆನ್ನಿಗೆ ಬೇಡ. ಗದ್ದದ ಕೆಳಗೆ ಜೊಲ್ಲು ಇಳಿದು ಒದ್ದೆಯಾಗಿ ಉಜ್ಜುತ್ತದೆ, ಅಲ್ಲಿಯೂ ಬೇಡ. ತೋಳಿನ ತುದಿ ಬಾಯಿಗೆ ಹೋಗುತ್ತದೆ. ಉಳಿದದ್ದು ಎದೆಯ ಒಂದು ಬದಿ ಮತ್ತು ಕೆಳ ಅಂಚು, ಅಷ್ಟು ಧಾರಾಳ ಸಾಕು. ಹೊಸಗೂಸಿನ ಎದೆಯ ಸುತ್ತಳತೆ ಸುಮಾರು 33 ಸೆಂಟಿಮೀಟರ್. ಸೀರೆಗೆ ಹಾಕುವ ಗೋಪುರವನ್ನು ಅಲ್ಲಿ ನಿಲ್ಲಿಸಿದರೆ ಗೋಪುರದ ಹಿಂದೆ ಕೂಸು ಕಾಣುವುದಿಲ್ಲ. ಎರಡು ಇಂಚಿನೊಳಗೆ ಮುಗಿಯುವ ತುಳಸಿಕಟ್ಟೆ, ತೊಟ್ಟಿಲು, ಗಿಳಿ, ಇಷ್ಟರಲ್ಲಿ ಒಂದನ್ನು ಆರಿಸಿ. ಒಂದೇ ಒಂದು. ಜಬಲಾಕ್ಕೆ ಎರಡು ಚಿತ್ರ ಹಾಕಿದವರ ರುಚಿಯನ್ನು ನಾನು ಒಪ್ಪಲಾರೆ. ಮೊದಲ ಸಲ ಹಾಕುವವರು ಚಿತ್ರದ ಗೋಜಿಗೇ ಹೋಗದೆ ಕೆಳ ಅಂಚಿನುದ್ದಕ್ಕೂ ಒಂದು ಸಾಲು ಮುರ್ಗಿ ಓಡಿಸಲಿ.

ಎಣಿಕೆಯೇ ಬೇಡ ಎನ್ನುವವರಿಗೆ ಚಿಪ್ಪಿನಂಚು ಇದೆ. ಅಂಚನ್ನು ಸಣ್ಣಗೆ ಎರಡು ಮಡಿಕೆ ಮಡಿಸಿ, ಬಟ್ಟೆಯದೇ ಬಣ್ಣದ ದಾರದಿಂದ ಮಡಿಕೆಯೊಳಗೆ ಅರ್ಧ ಸೆಂಟಿಮೀಟರ್ ಹೊಲಿಯಿರಿ. ಅಲ್ಲಿ ಸೂಜಿಯನ್ನು ಅಂಚಿನ ಮೇಲಿಂದ ಎರಡು ಸಲ ಸುತ್ತಿ ತಂದು ಬಿಗಿಯಾಗಿ ಎಳೆಯಿರಿ. ಆ ಜಾಗ ಚಿವುಟಿದಂತೆ ಒಳಕ್ಕೆ ಹೋಗಿ, ಎರಡು ಚಿವುಟಿನ ನಡುವಿನ ಬಟ್ಟೆ ಉಬ್ಬಿ ಚಿಪ್ಪಾಗುತ್ತದೆ. ಲೇಸಿಲ್ಲ, ಬೇರೆ ಬಣ್ಣವಿಲ್ಲ, ಬಟ್ಟೆಯೇ ತನ್ನ ಅಂಚಿಗೆ ತಾನು ಲೇಸಾಗುತ್ತದೆ. ಬಟ್ಟೆ ತೆಳುವಾದಷ್ಟೂ ಚೆನ್ನ. ದಪ್ಪ ಬಟ್ಟೆಯಲ್ಲಿ ಇದು ಮಡಿಕೆ ಬಿದ್ದಂತೆ ಕಾಣುತ್ತದೆಯೇ ಹೊರತು ಚಿಪ್ಪಾಗದು.

ಮಣಿ, ಮಿಣುಕು, ಗುಂಡಿ, ಗೆಜ್ಜೆ ಒಂದೂ ಬೇಡ. ಮೂರು ವರ್ಷದವರೆಗೆ ಸಿಕ್ಕಿದ್ದೆಲ್ಲ ಬಾಯಿಗೇ. ಸಂಡೂರಿನ ಲಂಬಾಣಿ ಹೆಂಗಸರ ಕನ್ನಡಿ, ಕವಡೆಯ ಕೆಲಸ ನನಗೆ ಪ್ರಾಣ. ಆದರೂ ಮಗುವಿನ ಟೊಪ್ಪಿಗೆಗೆ ಅದರಿಂದ ತೆಗೆದುಕೊಳ್ಳಬೇಕಾದದ್ದು ಬಣ್ಣಗಳ ಜೋಡಣೆಯನ್ನು ಮಾತ್ರ. ಕಟ್ಟುವ ಲಾಡಿಯೂ ಗಿಡ್ಡಕ್ಕಿರಲಿ, ಕೊರಳಲ್ಲಂತೂ ಲಾಡಿಯೇ ಬೇಡ.

ಉತ್ತರ ಕರ್ನಾಟಕದ ಕುಂಚಿಗಿಯನ್ನು ನೋಡಿ. ಗುಳೇದಗುಡ್ಡದ ಖಣದಲ್ಲಿ ಹೊಲಿದ, ತಲೆಯಿಂದ ಬೆನ್ನಿಗಿಳಿಯುವ ಆ ಹೊದಿಕೆ ಹೊರಗೆ ಝಗಝಗಿಸುತ್ತದೆ. ಒಳಗೆ ಅಸ್ತರಿಗೆ ಮೆತ್ತನೆಯ ಹತ್ತಿ, ಎಷ್ಟೋ ಮನೆಗಳಲ್ಲಿ ಅಜ್ಜಿಯ ಹಳೆಯ ಸೀರೆಯದೇ ತುಂಡು. ಬೆಡಗೆಲ್ಲ ಜನರ ಕಣ್ಣಿಗೆ, ಮೆತ್ತಗಿನದೆಲ್ಲ ಕೂಸಿಗೆ ಎಂದು ಹಂಚಿಟ್ಟ ಆ ಹೆಂಗಸರ ತಿಳಿವಳಿಕೆ ದೊಡ್ಡದು.

ಈಗಾಗಲೇ ಉಡುಗೊರೆಯಾಗಿ ಬಂದಿರುವ, ಒಳಗೆ ಚುಚ್ಚುವ ಬಾತುಕೋಳಿ ಅಂಗಿಗೂ ಇದೇ ಉಪಾಯ. ಕಾಗದದ ಪದರವನ್ನು ಹೊಲಿಗೆಯ ಬುಡದವರೆಗೂ ಸಣ್ಣ ಕತ್ತರಿಯಿಂದ ಬಿಡಿಸಿ ತೆಗೆಯಿರಿ. ಮನೆಯಲ್ಲಿರುವ ಹಳೆಯ ಹತ್ತಿ ಬನಿಯನ್ನಿನಿಂದ ಚಿತ್ರಕ್ಕಿಂತ ಅರ್ಧ ಇಂಚು ದೊಡ್ಡದಾಗಿ, ಮೂಲೆಯಿಲ್ಲದಂತೆ ದುಂಡಗೆ ಒಂದು ತುಂಡು ಕತ್ತರಿಸಿ ಒಳಗಿನಿಂದ ಮುಚ್ಚಿ. ಬನಿಯನ್ ಬಟ್ಟೆ ಮಲ್‌ಮಲ್‌ನಂತೆ ಎಳೆ ಬಿಡುವುದಿಲ್ಲ, ಹಾಗಾಗಿ ಅಂಚು ಮಡಿಸಬೇಕಿಲ್ಲ. ಮಡಿಸಿದರೆ ಆ ಮಡಿಕೆಯೇ ಮತ್ತೆ ಒತ್ತುತ್ತದೆ. ಸುತ್ತಲೂ ಸಣ್ಣ ಸಣ್ಣ ಹೆಮ್ಮಿಂಗ್ ಹಾಕಿ, ಸೂಜಿ ಹೊರಮೈಯ ಒಂದೆರಡು ಎಳೆಯನ್ನು ಮಾತ್ರ ಹಿಡಿಯಲಿ. ಗಂಟನ್ನು ಬನಿಯನ್ ತುಂಡಿನ ಅಡಿಯಲ್ಲಿ ಅಡಗಿಸಿ, ಒಮ್ಮೆ ಒಗೆದು, ಆಮೇಲೆ ತೊಡಿಸಿ.