ಜರೀಗಿಡಗಳ ಜಾತಿವಿಂಗಡಣೆ: ವಿಕಾಸದ ಸಾಕ್ಷ್ಯ ಮತ್ತು ಅದರ ಮಿತಿ

ಜರೀಗಿಡಗಳ ಜಾತಿಗಳನ್ನು ಬಹುಕಾಲ ಎಲೆಯ ರೂಪ ಹಾಗೂ ಬೀಜಾಣುಕೋಶಗಳ ಜೋಡಣೆಯ ಆಧಾರದಿಂದಲೇ ನಿರ್ಧರಿಸಲಾಗುತ್ತಿತ್ತು. 1806ರಲ್ಲಿ ಸ್ವಾರ್ಟ್ಸ್ ಸ್ಥಾಪಿಸಿದ ಚೀಲಾಂಥೀಸ್ ಇದಕ್ಕೆ ನಿದರ್ಶನ. ಮಡಿಚಿದ ಎಲೆಯಂಚಿನಿಂದ ಬೀಜಾಣುಕೋಶಗಳನ್ನು ಮುಚ್ಚಿಕೊಳ್ಳುವ ಒಣನೆಲದ ನೂರಾರು ಪ್ರಭೇದಗಳು ಕ್ರಮೇಣ ಅದರಲ್ಲಿ ಸೇರಿದವು. ಈ ಜಾತಿ ಏಕಮೂಲದ್ದಲ್ಲವೆಂದು ಡಿಎನ್‌ಎ ಅಧ್ಯಯನಗಳು ತೋರಿಸಿದವು. ಶುಷ್ಕ ಪರಿಸರಕ್ಕೆ ಹೊಂದಿಕೊಳ್ಳುವಾಗ ಬೇರೆಬೇರೆ ವಂಶಗಳಲ್ಲಿ ಒಂದೇ ಬಗೆಯ ಲಕ್ಷಣಗಳು ಮೂಡಿದ್ದವು. ಆದುದರಿಂದ, ಮುಖ್ಯವಾಗಿ ಅಮೆರಿಕ ಖಂಡಗಳ ಹಲವು ಪ್ರಭೇದಗಳನ್ನು 2013ರಲ್ಲಿ ಮಿರಿಯಾಪ್ಟೆರಿಸ್ ಜಾತಿಗೆ ವರ್ಗಾಯಿಸಿದ್ದು ಸಮಂಜಸವಾಗಿದೆ.

ಮುಂದಿನ ಹೆಜ್ಜೆ ಮಾತ್ರ ಚರ್ಚಾಸ್ಪದ. ಒಟ್ಟು 337 ಜಾತಿಗಳನ್ನು ಮಾನ್ಯಮಾಡಿದ 2016ರ ಪಿಪಿಜಿ ವರ್ಗೀಕರಣವು ಚೀಲಾಂಥೀಸ್ ಬಳಗದಲ್ಲಿ ಹಲವು ಜಾತಿಗಳನ್ನು ಉಳಿಸಿಕೊಂಡಿತು. 2018ರಲ್ಲಿ ಕ್ರಿಸ್ಟನ್‌ಹುಸ್ ಮತ್ತು ಸಂಗಡಿಗರು ಇಡೀ ಬಳಗವನ್ನೇ ಹೆಮಿಯೋನೈಟಿಸ್ ಎಂಬ ಒಂದೇ ಜಾತಿಯಲ್ಲಿ ಸೇರಿಸಿದರು. ಇಬ್ಬರ ಗುರಿಯೂ ಏಕಮೂಲದ ಗುಂಪುಗಳೇ. ಫಲಿತಾಂಶ ಮಾತ್ರ ತದ್ವಿರುದ್ಧ.

ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ವಿಕಾಸದ ಸಾಕ್ಷ್ಯವು ಕವಲುಗಳ ಪರಸ್ಪರ ಸಂಬಂಧವನ್ನು ತಿಳಿಸುತ್ತದೆಯೇ ಹೊರತು, ಯಾವ ಕವಲಿಗೆ ಜಾತಿಯೆಂಬ ಪದವಿ ಸಲ್ಲಬೇಕೆಂಬುದನ್ನಲ್ಲ. ಅದು ವಿದ್ವಾಂಸರ ವಿವೇಚನೆಗೆ ಬಿಟ್ಟ ವಿಷಯ. ಹೆಮಿಯೋನೈಟಿಸ್‌ನ ವಿಸ್ತರಣೆಯಿಂದ ನೂರಾರು ಹೆಸರುಗಳು ಬದಲಾಗುತ್ತವೆ. ಸಂಬಂಧಗಳ ಬಗೆಗೆ ಹೊಸ ತಿಳಿವೇನೂ ದೊರೆಯುವುದಿಲ್ಲ. ಏಕಮೂಲವು ಜಾತಿಗೆ ಅನಿವಾರ್ಯ ನಿಬಂಧನೆ, ಆದರೆ ಅದೊಂದೇ ಸಾಲದು. ಸಸ್ಯವನ್ನು ಕೈಯಲ್ಲಿ ಹಿಡಿದು ನೋಡುವವನಿಗೂ ಗುರುತಿಸಲು ಒದಗುವ ಜಾತಿಯೇ ಬಳಕೆಯಲ್ಲಿ ಉಳಿಯಬಲ್ಲದು.