ಬೇಸಗೆಯ ಮಡುವೂ ಗಾಳಗಾರನ ವಿವೇಕವೂ

ಗಾಳ ಹಾಕುವುದು ಸೋಮಾರಿಗಳ ಕಸುಬೆಂದು ತಿಳಿದವರು, ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದೊಳಗೆ ಮತ್ಸ್ಯವಿನೋದಕ್ಕೆ ಪ್ರತ್ಯೇಕ ಸ್ಥಾನವನ್ನಿತ್ತು, ಮೀನಿನ ಜಾತಿಗಳನ್ನೂ ಅವುಗಳಿಗಿಕ್ಕುವ ಆಹಾರವನ್ನೂ ವಿವರಿಸಿರುವುದನ್ನು ನೋಡಬೇಕು. ಅದಾದರೋ ಅರಸನ ವಿನೋದ. ನೀರಿಗೂ ಆಳಿಗೂ ಅಲ್ಲಿ ಬಡತನವಿಲ್ಲ. ಮಳೆಗಾಲದ ಕೆಲವೇ ದಿನ ನದಿಯೆನಿಸಿಕೊಂಡು ಮಿಕ್ಕ ಕಾಲವೆಲ್ಲ ಮರಳಿನ ಹಾಸಾಗಿ ಬಿದ್ದಿರುವ ಜಯಮಂಗಲಿಯ ದಡದಲ್ಲಿ ಅದೇ ವಿನೋದವು ಎಂತಹ ವಿದ್ಯೆಯಾಗಬಲ್ಲುದೆಂಬುದನ್ನು, ಈಗ ನಮ್ಮೊಡನಿಲ್ಲದ ಗೆಳೆಯರೊಬ್ಬರ ದೀರ್ಘ ಸಹವಾಸದಿಂದ ನಾನು ಕಂಡೆನು. ಅವರ ವಿದ್ಯೆಯನ್ನು ಮೆಚ್ಚಿದಷ್ಟೇ ಮುಕ್ತವಾಗಿ ಅದರ ಕೊರತೆಯನ್ನೂ ಹೇಳುವುದು ಸ್ನೇಹಕ್ಕೆ ಸಲ್ಲತಕ್ಕ ನ್ಯಾಯ.

ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ಸೀಮೆಗಳನ್ನು ಹಾದು ಉತ್ತರಪಿನಾಕಿನಿಯನ್ನು ಸೇರುವ ಈ ಹೊಳೆ ಚೈತ್ರದ ಹೊತ್ತಿಗೆ ತುಂಡುತುಂಡಾಗಿ, ಬಂಡೆಯ ಮರೆಯಲ್ಲೋ ಹೊಂಗೆಯ ನೆರಳಿನಲ್ಲೋ ಮಡುಗಳಾಗಿ ಉಳಿಯುತ್ತಿತ್ತು. ಆಗ ಗೆಳೆಯರು ದಾರಕ್ಕೆ ತೂಕದ ಗುಂಡನ್ನು ಕಟ್ಟದೆ, ತುದಿಗೆ ಮಿಡತೆಯೊಂದನ್ನು ಸಿಕ್ಕಿಸಿ, ಗಾಳಿಯೇ ಅದನ್ನು ತಂದು ಬಿಟ್ಟಿತೋ ಎಂಬಂತೆ ನೀರಿನ ಮೈಮೇಲೆ ಇಳಿಸುತ್ತಿದ್ದರು. ಪುಕ್ಕದ ಹುಸಿನೊಣ ಕಟ್ಟುವ ಆಂಗ್ಲ ಗಾಳಗಾರರ ಪರಂಪರೆಯನ್ನಾಗಲಿ, 1653ರಲ್ಲಿ ಪ್ರಕಟವಾದ ಐಜಾಕ್ ವಾಲ್ಟನ್ನನ ಗ್ರಂಥವನ್ನಾಗಲಿ ಅವರು ಕೇಳಿದವರಲ್ಲ. ಆದರೂ ನೆರಳು ನೀರಿನ ಮೇಲೆ ಬೀಳದಂತೆ ಕೂರುವ ಅವರ ಸಂಯಮ ಆ ಪರಂಪರೆಗೆ ಕಿಂಚಿತ್ತೂ ಕಡಿಮೆಯದಲ್ಲ. ಉಸಿರಿಗೆಂದು ಮೇಲೆದ್ದು ಮುಳುಗುವ ಕೊರಮೀನು ಬಿಟ್ಟ ಗುಳ್ಳೆಗಳಿಂದಲೇ ಅದರ ಗಾತ್ರವನ್ನು ಅಂದಾಜು ಮಾಡುತ್ತಿದ್ದರು; ಅಂದಾಜು ತಪ್ಪಿದಾಗ ಮೀನನ್ನೇ ಬೈಯುತ್ತಿದ್ದರೆನ್ನಿ.

ಬೇಸಗೆಯ ಮಡುವೇ ಗಾಳಗಾರನ ಸುಗ್ಗಿಯೆಂಬುದು ಅವರ ಸಿದ್ಧಾಂತ. ಇದನ್ನು ನಾನು ಒಪ್ಪಲಾರೆ. ನೀರು ಇಂಗುತ್ತಿರುವಾಗ ಓಡಲು ದಾರಿಯಿಲ್ಲದ ಮೀನನ್ನು ಗೆಲ್ಲುವುದು ಸೆರೆಯಲ್ಲಿದ್ದವನೊಡನೆ ಕುಸ್ತಿಯಾಡಿ ಗೆದ್ದಂತೆ. ಅದಕ್ಕಿಂತ ಮುಖ್ಯವಾಗಿ, ಮುಂಗಾರಿನ ಹೊಸನೀರಿನಲ್ಲಿ ಮೊಟ್ಟೆಯಿಟ್ಟು, ಮರಿಗಳ ಹಿಂಡನ್ನು ಕಾಯ್ದು ಹೊಳೆಯನ್ನು ಮತ್ತೆ ತುಂಬಿಸಬೇಕಾದ ಜೋಡಿಗಳೇ ಆ ಮಡುಗಳಲ್ಲಿ ಉಳಿದಿರುತ್ತವೆ. ಕೈಚಳಕದಲ್ಲಿ ಪ್ರವೀಣರಾದ ಅವರು ಕಾಲವಿವೇಕದಲ್ಲಿ ಹಾಗಿರಲಿಲ್ಲ.

ಹಾಗೆಂದು ನೀರಿನ ವಿಷಯದಲ್ಲಿ ಅವರನ್ನು ನಿಷ್ಕರುಣಿಯೆನ್ನಲಾಗದು. ಮರಳನ್ನು ಒಂದೆರಡು ಅಡಿ ಬಗೆದರೆ ತಾನಾಗಿ ಒಸರಿ, ಕಾಲುವೆಗೂಡಿ ಗದ್ದೆಗೆ ಹರಿಯುತ್ತಿದ್ದ ತಲಪರಿಗೆಗಳು ಈ ಸೀಮೆಗಳ ನಿಜವಾದ ಸಂಪತ್ತಾಗಿದ್ದುವು; ಪಾವಗಡದಂತಹ ಬರದ ನಾಡೂ ಅವುಗಳಿಂದ ಭತ್ತವನ್ನು ಕಂಡದ್ದುಂಟು. ಜನ ಕುಡಿಯುವ ಆ ಊಟೆಗಳ ಬಳಿ ಅವರು ಗಾಳವನ್ನು ಬಿಚ್ಚುತ್ತಲೇ ಇರಲಿಲ್ಲ. ಹೊಳೆಯ ಮರಳು ಲಾರಿ ಹತ್ತಿ, ಕೊಳವೆಬಾವಿಗಳು ಅಂತರ್ಜಲವನ್ನು ಪಾತಾಳಕ್ಕಿಳಿಸಿದ ಮೇಲೆ ತಲಪರಿಗೆಗಳು ಬತ್ತಿದವು. ಮಡುಗಳೂ ಅದೇ ಹಾದಿ ಹಿಡಿದುವು. ಆ ಅಪರಾಧದ ಮುಂದೆ ಒಬ್ಬ ಗಾಳಗಾರನ ತಪ್ಪು ತೃಣಸಮಾನವೆಂದು ವಾದಿಸಬಹುದು. ಪ್ರಮಾಣದಲ್ಲಿ ಅದು ಸತ್ಯ. ಸ್ವಭಾವದಲ್ಲಿ ಎರಡೂ ಮುಂದಿನ ವರ್ಷದ್ದನ್ನು ಈ ವರ್ಷವೇ ಉಣ್ಣುವ ಆತುರಗಳೇ.

ಕೊನೆಗಾಲದಲ್ಲಿ ಗೆಳೆಯರು, ಹೇಮಾವತಿಯ ನಾಲೆಯ ನೀರು ಬಂದ ಶಿರಾ ಸೀಮೆಯ ಕೆರೆಗಳತ್ತ ನಡೆದರು. ಬಿತ್ತಿ ಬೆಳೆಸಿದ ಕಾಟ್ಲಾ ಮೀನನ್ನು ಹಿಡಿಯುವುದರಲ್ಲಿ ವಿದ್ಯೆಯೇನಿದೆಯೆಂದು ಅವರು ಮೂಗು ಮುರಿಯುತ್ತಿದ್ದರು. ಬಿತ್ತಿದ್ದನ್ನು ಕೊಯ್ಯುವುದು, ಬಿತ್ತನೆಯ ಕಾಳನ್ನೇ ಉಣ್ಣುವುದಕ್ಕಿಂತ ಮೇಲೆಂದು ನಾನು ಹೇಳುತ್ತಿದ್ದೆ. ಈ ವಿಷಯದಲ್ಲಿ ನಮ್ಮಿಬ್ಬರಿಗೂ ಕಡೆಯವರೆಗೆ ಒಮ್ಮತ ಕೂಡಿಬರಲಿಲ್ಲ.