ಬಾಡಿಗೆ ಹೇಳುವ ಬೆಲೆ, ಸೈಟು ಹೇಳುವ ಬೆಲೆ

ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ 150ಎ ರಾಷ್ಟ್ರೀಯ ಹೆದ್ದಾರಿಯ ಮೇಲಿನ ಊರುಗಳು. ಊರು ಮುಗಿದು ಹೊಲ ಶುರುವಾಗುವ ಕಡೆ ಸಿಮೆಂಟಿನ ಕಮಾನು, ಅಂಚು ಕಿತ್ತುಹೋದ ಒಳರಸ್ತೆ, ನಂಬರು ಬರೆದ ಗಡಿಕಲ್ಲುಗಳು, ಅವುಗಳ ನಡುವೆ ಆಳೆತ್ತರ ಬೆಳೆದ ಜಾಲಿ ಕಾಣುತ್ತವೆ. ಈ ಸೈಟುಗಳಲ್ಲಿ ಎಷ್ಟೋ ಮಾರಾಟವಾಗಿವೆ, ಒಡೆಯರೂ ಇದ್ದಾರೆ. ಮನೆ ಮಾತ್ರ ಇಲ್ಲ. ಭತ್ತದ ದುಡ್ಡು, ನೌಕರಿಯ ಉಳಿತಾಯ, ಅಂಗಡಿಯ ಲಾಭ ಎಲ್ಲವೂ ಹೀಗೆ ಕಲ್ಲಿನೊಳಗೆ ಹೋಗಿ ಕೂತಿದೆ. ‘ಭೂಮಿ ಎಂದೂ ಕೈಬಿಡೋದಿಲ್ಲ’ ಎಂಬ ನಂಬಿಕೆ ಇದರ ಬೆನ್ನಿಗಿದೆ. ಆ ನಂಬಿಕೆಯನ್ನು ಪರೀಕ್ಷಿಸಬೇಕಾದ ಕಾಲ ಬಂದಿದೆ. ಒಂದು ಆಸ್ತಿಯ ನಿಜವಾದ ಬಲ ಅದರಿಂದ ಬರುವ ಬಾಡಿಗೆಯಲ್ಲಿದೆ ಎಂಬುದು ನನ್ನ ವಾದ. ಬಾಡಿಗೆಯನ್ನು ಲೆಕ್ಕಕ್ಕೇ ತಗೊಳ್ಳದ ಸೈಟು ವ್ಯವಹಾರ ಈ ಭಾಗದ ಕುಟುಂಬಗಳ ಅಪಾಯವನ್ನು ಹೆಚ್ಚಿಸುತ್ತಿದೆ.

ಸಿಂಧನೂರಿನ ಪೇಟೆ ನಿಂತಿರುವುದು ತುಂಗಭದ್ರಾ ಎಡದಂಡೆ ಕಾಲುವೆಯ ಮೇಲೆ. 1953ರಲ್ಲಿ ಅಣೆಕಟ್ಟೆಯ ಕೆಲಸ ಮುಗಿದ ಮೇಲೆ ನೀರು ಬಂತು, ನೀರಿನ ಹಿಂದೆ ಆಂಧ್ರದಿಂದ ರೈತರು ಬಂದು ಕ್ಯಾಂಪುಗಳಾದವು, ಅಕ್ಕಿ ಗಿರಣಿಗಳೆದ್ದವು, ಗೊಬ್ಬರದಂಗಡಿ, ದಲ್ಲಾಳಿ ಅಂಗಡಿ, ಟ್ರ್ಯಾಕ್ಟರ್ ಶೋರೂಮುಗಳು ಸಾಲುಗಟ್ಟಿದವು. ಮಳಿಗೆಗಳ ಬಾಡಿಗೆ ಏರಿದ್ದು ಎರಡು ಬೆಳೆಯ ನೆಚ್ಚಿಕೆಯಿಂದ. ಆ ನೆಚ್ಚಿಕೆ ಈಚೆಗೆ ಅಲ್ಲಾಡಿದೆ. 2023ರ ಬರದಲ್ಲಿ ಎರಡನೇ ಬೆಳೆಗೆ ನೀರು ಸಿಗಲಿಲ್ಲ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರೆಸ್ಟ್ ಗೇಟು ಕೊಚ್ಚಿಹೋಯಿತು. ಹಳೆಯ 33 ಗೇಟುಗಳನ್ನೂ ಬದಲಿಸುವ ಕೆಲಸಕ್ಕಾಗಿ 2025–26ರಲ್ಲಿ ಮತ್ತೆ ಎರಡನೇ ಬೆಳೆಯನ್ನು ಬಿಡಬೇಕಾಯಿತು. ಬೆಳೆ ತಪ್ಪಿದರೆ ಗೊಬ್ಬರದಂಗಡಿಯ ಉದ್ರಿ ವಸೂಲಾಗುವುದಿಲ್ಲ, ಮಳಿಗೆಯ ಬಾಡಿಗೆ ಬಾಕಿ ಬೀಳುತ್ತದೆ, ಸೈಟು ಕೊಳ್ಳಲು ಬರುವವನೂ ಇರುವುದಿಲ್ಲ. ಭತ್ತ ಮಾರಿ ಸೈಟು ಕೊಂಡ ರೈತ ತನ್ನ ಅಪಾಯವನ್ನು ಎರಡು ಕಡೆ ಹಂಚಿದೆ ಎಂದುಕೊಳ್ಳುತ್ತಾನೆ. ಆದರೆ ನಾಳೆ ಅವನ ಸೈಟು ಕೊಳ್ಳಬೇಕಾದವನೂ ಅದೇ ಕಾಲುವೆಯ ಇನ್ನೊಬ್ಬ ರೈತ. ಹೊಲ ಒಣಗಿದ ವರ್ಷವೇ ಸೈಟಿಗೂ ಗಿರಾಕಿ ಇಲ್ಲ.

ಬಾಡಿಗೆಯ ಲೆಕ್ಕ ಹಾಕಿದರೆ ವಿಷಯ ಇನ್ನೂ ಸ್ಪಷ್ಟ. ಮಾತಿಗೆ ಒಂದು ಉದಾಹರಣೆ ಇಟ್ಟುಕೊಳ್ಳೋಣ: 30-40ರ ಸೈಟಿಗೆ 20 ಲಕ್ಷ, ಮನೆಗೆ 25 ಲಕ್ಷ, ತಿಂಗಳ ಬಾಡಿಗೆ 9 ಸಾವಿರ. ವರ್ಷಕ್ಕೆ 1.08 ಲಕ್ಷ, ಅಂದರೆ ಹಾಕಿದ ದುಡ್ಡಿನ ಮೇಲೆ ನೂರಕ್ಕೆ 2.4. ಸುಣ್ಣಬಣ್ಣ, ಮನೆ ತೆರಿಗೆ, ಖಾಲಿ ಬಿದ್ದ ತಿಂಗಳುಗಳನ್ನು ಕಳೆದರೆ ಎರಡೂ ದಾಟದು. ಬ್ಯಾಂಕ್ ಠೇವಣಿಯ ಬಡ್ಡಿಯ ಅರ್ಧಕ್ಕೂ ಸಾಲದು. ಇಷ್ಟು ಕಡಿಮೆ ಬಾಡಿಗೆಯ ಮೇಲೆ ಅಷ್ಟು ದೊಡ್ಡ ಬೆಲೆ ನಿಂತಿದೆ ಎಂದರೆ, ಮುಂದೆ ಯಾರೋ ಇನ್ನೂ ಹೆಚ್ಚು ಕೊಟ್ಟಾರು ಎಂಬ ಆಸೆಯೇ ಅದರ ಬುನಾದಿ.

ಸೈಟಿನ ರೇಟು ಇಲ್ಲಿ ಎಂದೂ ಇಳಿದಿಲ್ಲವಲ್ಲ ಎನ್ನುವವರಿದ್ದಾರೆ. ಇಳಿಯುವುದಿಲ್ಲ, ನಿಜ, ಏಕೆಂದರೆ ಮಂದ ಕಾಲದಲ್ಲಿ ವ್ಯವಹಾರವೇ ನಡೆಯುವುದಿಲ್ಲ. ಒಡೆಯ ರೇಟು ಹೇಳುತ್ತಲೇ ಇರುತ್ತಾನೆ, ಕೊಳ್ಳುವವನಿಲ್ಲ. ಆಸ್ಪತ್ರೆಗೋ ಮದುವೆಗೋ ತುರ್ತಾಗಿ ದುಡ್ಡು ಬೇಕಾದವನಿಗೆ ಮಾತ್ರ ನಿಜವಾದ ರೇಟು ಗೊತ್ತಾಗುತ್ತದೆ. ಕೊಳ್ಳುವಾಗಿನ ಖರ್ಚೂ ಹಗುರವಲ್ಲ: ಮುದ್ರಾಂಕ ಶುಲ್ಕದ ಜೊತೆಗೆ ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ನೂರಕ್ಕೆ ಒಂದರಿಂದ ಎರಡಾಗಿದೆ. ಇನ್ನೊಂದು ಮಾತು, ಊರು ಬೆಳೆಯುತ್ತಿದೆ ಎಂಬುದು. ಅದರಲ್ಲಿ ಹುರುಳಿದೆ. 2024ರಲ್ಲಿ ಸಿಂಧನೂರಿಗೆ ರೈಲು ಬಂತು. ಮಸ್ಕಿ ತಾಲ್ಲೂಕು ಕೇಂದ್ರವಾಯಿತು. ಲಿಂಗಸುಗೂರಿನಲ್ಲಿ ಉಪವಿಭಾಗದ ಕಚೇರಿಯಿದೆ, ಪಕ್ಕದ ಹಟ್ಟಿ ಚಿನ್ನದ ಗಣಿಯ ಸಂಬಳ ಕಾಲುವೆಯನ್ನು ಕಾಯುವುದಿಲ್ಲ. ಆದರೆ ವರ್ಗವಾಗಿ ಬರುವ ಗುಮಾಸ್ತನಿಗೆ, ಪಿಯು ಕಾಲೇಜಿಗೆ ಹಳ್ಳಿಯಿಂದ ಬರುವ ಹುಡುಗಿಗೆ, ಆಸ್ಪತ್ರೆಯ ನರ್ಸಿಗೆ ಬೇಕಾದದ್ದು ಬಸ್ ನಿಲ್ದಾಣದ ಆಸುಪಾಸಿನಲ್ಲಿ ನಲ್ಲಿ ನೀರು ಬರುವ ಎರಡು ಕೋಣೆ. ಊರಾಚೆಯ ಗಡಿಕಲ್ಲು ಅವರಿಗೆ ಏನೂ ಕೊಡದು. ಬೆಳವಣಿಗೆ ಬಾಡಿಗೆ ಮನೆ ಕೇಳುತ್ತಿದೆ, ನಾವು ಹೊಲಕ್ಕೆ ಕಲ್ಲು ನೆಡುತ್ತಿದ್ದೇವೆ.

ಕಾಗದಪತ್ರದ ಮಾತನ್ನೂ ಹೇಳಲೇಬೇಕು. ಭೂಕಂದಾಯ ಕಾಯ್ದೆಯ 95ನೇ ಕಲಮಿನಂತೆ ಕೃಷಿಯೇತರ ಬಳಕೆಗೆ ಬದಲಾಗದ, ಅಂದರೆ ಎನ್‌ಎ ಆಗದ ಹೊಲವನ್ನು ತುಂಡು ಮಾಡಿ, ಬರೀ ಕರಾರು ಪತ್ರದ ಮೇಲೆ ಮಾರುವ ರೂಢಿ ಇನ್ನೂ ಸತ್ತಿಲ್ಲ. ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಮೂಲಕ ನಡೆದ ಮಾರಾಟದಿಂದ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದೆ. 500 ಚದರ ಮೀಟರ್ ಮೀರಿದ ಬಡಾವಣೆಗೆ ರೇರಾ ನೋಂದಣಿ ಬೇಕು. 2024ರ ಅಕ್ಟೋಬರಿನಿಂದ ಪಟ್ಟಣಗಳ ಆಸ್ತಿ ನೋಂದಣಿಗೆ ಇ-ಖಾತಾ ಕಡ್ಡಾಯವಾದ ಮೇಲೆ, ಅಗ್ಗ ಎಂದು ಕೊಂಡ ಎಷ್ಟೋ ಸೈಟುಗಳು ಮಾರಲೂ ಬಾರದೆ ಸಾಲಕ್ಕೂ ಒದಗದೆ ಕೂತಿವೆ. ಅಂಥ ಕಾಗದ ಕೊಟ್ಟು ದುಡ್ಡು ಎಣಿಸಿಕೊಂಡವರನ್ನು ಬಿಟ್ಟು, ಕೊಂಡವರನ್ನಷ್ಟೇ ದೂರುವುದು ಅನ್ಯಾಯ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆ. ಪಿಂಚಣಿ ಇಲ್ಲದ, ಶೇರುಪೇಟೆ ತಿಳಿಯದ ಕುಟುಂಬಕ್ಕೆ ಮತ್ತೇನು ಆಸರೆ? ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು ಮುಂದಿನ ಎರಡು ಕೋಣೆ ಬಾಡಿಗೆಗೆ ಕೊಟ್ಟು ಮಕ್ಕಳನ್ನು ಓದಿಸುವುದು ಈ ಊರುಗಳಲ್ಲಿ ಉಂಟು, ಆ ಬಾಡಿಗೆಗೆ ಯಾವ ಶೇಕಡಾ ಲೆಕ್ಕವೂ ಸಮನಲ್ಲ. ಒಪ್ಪಿದೆ. ಆದರೆ ಆಕೆಯನ್ನು ಕಾಯುತ್ತಿರುವುದು ಗೋಡೆ, ಮಾಡು, ನಲ್ಲಿ, ತಿಂಗಳ ಮೊದಲ ವಾರ ದುಡ್ಡು ಕೊಡುವ ಬಾಡಿಗೆದಾರ. ಊರಾಚೆಯ ಸೈಟನ್ನು ಮಾರುವ ಏಜೆಂಟು ಆಕೆಯ ಹೆಸರು ಹೇಳಿಯೇ ಮಾರುತ್ತಾನೆ. ಹಾಗೆ ಹೇಳುವ ಹಕ್ಕು ಅವನಿಗಿಲ್ಲ.